ಕಲಿಯುವವರ ಗೆರೆ ತಿದ್ದುವ ಬಗೆ

ಚಿತ್ರ ಬಿಡಿಸುವುದನ್ನು ಈಗಷ್ಟೇ ಶುರುಮಾಡಿದವರು ಗೆರೆ, ವೃತ್ತ, ಪೆಟ್ಟಿಗೆಗಳಿಂದ ಹಾಳೆ ತುಂಬಿಸಿ ತಂದರೆ, ‘ಚೆನ್ನಾಗಿದೆ, ಇನ್ನೂ ಅಭ್ಯಾಸ ಮಾಡು’ ಎಂದುಬಿಡುವುದು ಸುಲಭ. ಆದರೆ ನಾಳೆ ಏನನ್ನು ಬೇರೆ ಥರ ಮಾಡಬೇಕೆಂಬುದು ಅವರಿಗೆ ಅದರಿಂದ ತಿಳಿಯುವುದಿಲ್ಲ. ತಪ್ಪು ಕೈಯದೋ ಕಣ್ಣಿನದೋ ಎಂದು ಮೊದಲು ಗುರುತಿಸಬೇಕು. ಎರಡಕ್ಕೂ ಮದ್ದು ಬೇರೆ.

ಗೆರೆಯಲ್ಲಿ ಕಾಣುವುದು ಹೆಚ್ಚಾಗಿ ಕೈಯ ತಪ್ಪು. ಉದ್ದಕ್ಕೂ ನಡುಗಿದ ಗೆರೆ ನಿಧಾನವಾಗಿ, ಹೆದರಿಕೊಂಡು ಎಳೆದದ್ದು. ಒಂದೇ ಕಡೆಗೆ ಬಿಲ್ಲಿನ ಹಾಗೆ ಬಾಗಿದ್ದರೆ ಕೈ ಮಣಿಕಟ್ಟಿನಿಂದಲೋ ಮೊಣಕೈಯಿಂದಲೋ ತಿರುಗಿದೆ ಎಂದರ್ಥ. ಉದ್ದ ಗೆರೆಗೆ ಭುಜದಿಂದಲೇ ಕೈ ಆಡಬೇಕು. ಎರಡು ಚುಕ್ಕಿ ಇಟ್ಟು, ಹಾಳೆಗೆ ತಾಗಿಸದೆ ಕೈಯನ್ನು ಅತ್ತಿತ್ತ ಓಡಿಸಿ ದಾರಿ ಗೊತ್ತುಮಾಡಿಕೊಂಡು, ಆಮೇಲೆ ಒಂದೇ ಉಸಿರಿಗೆ ಎಳೆಯಲು ಹೇಳಿ. ಗೆರೆ ನೇರವಾಗಿ ಹೋಗಿ ಚುಕ್ಕಿಯನ್ನು ತಪ್ಪಿಸಿದರೆ ಬೈಯಬೇಡಿ. ತಡವರಿಸುತ್ತ ಚುಕ್ಕಿ ಮುಟ್ಟಿದ ಗೆರೆಗಿಂತ ಅದು ಎಷ್ಟೋ ವಾಸಿ, ಗುರಿ ಆಮೇಲೆ ಕೂಡಿಬರುತ್ತದೆ. ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಎಳೆಯುವ ಅಭ್ಯಾಸದಲ್ಲಿ ಕೊನೆಯ ತುದಿ ಮಾತ್ರ ಕೆದರಿದ್ದರೆ ಸಹಜ. ಶುರುವಿನ ತುದಿಯೂ ಕೆದರಿದ್ದರೆ ಪೆನ್ನನ್ನು ಸರಿಯಾದ ಜಾಗದಲ್ಲಿ ಊರುವ ಮೊದಲೇ ಕೈ ಓಡಿದೆ.

ಕಣ್ಣಿನ ತಪ್ಪು ಎದ್ದು ಕಾಣುವುದು ಲೋಟದಲ್ಲಿ. ಬಾಯಿಯನ್ನು ಅಗಲವಾಗಿ ತೆರೆದು ಬರೆದ ಹುಡುಗ ತಳವನ್ನು ಮಾತ್ರ ನೇರ ಗೆರೆಯಲ್ಲಿ ಮುಗಿಸುತ್ತಾನೆ. ಮೇಜು ಸಮತಟ್ಟು ಎಂದು ಅವನಿಗೆ ಗೊತ್ತು. ಗೊತ್ತಿದ್ದದ್ದನ್ನೇ ಬರೆದ, ಕಂಡದ್ದನ್ನಲ್ಲ. ಅವನ ಹಾಳೆಯ ಮೇಲೆ ನೀವೇ ತಿದ್ದಿ ಬರೆಯುವ ಬದಲು ಕೈಗೊಂದು ಸ್ಟೀಲ್ ಲೋಟ ಕೊಡಿ. ಕಣ್ಣಿನ ಮಟ್ಟಕ್ಕೆ ಹಿಡಿದರೆ ಬಾಯಿ ಬರೀ ಒಂದು ಗೆರೆ. ಮೆಲ್ಲಗೆ ಕೆಳಗಿಳಿಸಿದಂತೆ ಅದು ತೆರೆದುಕೊಳ್ಳುತ್ತ ಹೋಗುತ್ತದೆ. ತಳ ಬಾಯಿಗಿಂತಲೂ ಕೆಳಗಿರುವುದರಿಂದ ಅದರ ಬಾಗು ಇನ್ನೂ ಹೆಚ್ಚು ದುಂಡಗಿರಬೇಕು. ಇದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಮತ್ತೆ ಹೇಳಬೇಕಾಗಿ ಬರುವುದು ಅಪರೂಪ. ಬಾಯಿಯ ಎರಡು ಪಕ್ಕಗಳು ಚೂಪಾಗಿದ್ದರೆ ಮಾತ್ರ ಅದು ಮತ್ತೆ ಕೈಯ ವಿಷಯ: ಪೆನ್ನು ಎತ್ತದೆ ಎರಡು ಮೂರು ಸುತ್ತು ಹೊಡೆದರೆ ಮೂಲೆಗಳು ತಾವಾಗಿಯೇ ದುಂಡಗಾಗುತ್ತವೆ.

ಪೆಟ್ಟಿಗೆಯನ್ನು ಕಣ್ಣಳತೆಯಲ್ಲಿ ತಿದ್ದಲು ಹೋಗಬೇಡಿ. ನಮ್ಮಿಂದ ದೂರ ಸರಿಯುವ ಅಂಚುಗಳು ಒಂದನ್ನೊಂದು ಸಮೀಪಿಸಬೇಕು, ಕಲಿಯುವವರ ಹಾಳೆಯಲ್ಲಿ ಅವು ಎಷ್ಟೋ ಸಲ ಅಗಲುತ್ತಿರುತ್ತವೆ. ಸ್ಕೇಲ್ ಇಟ್ಟು ಬೇರೆ ಬಣ್ಣದ ಪೆನ್ನಿನಿಂದ ಆ ಅಂಚುಗಳನ್ನು ಹಿಂದಕ್ಕೆ ಬೆಳೆಸಿದರೆ ಯಾವ ಗೆರೆ ದಾರಿ ತಪ್ಪಿದೆ ಎಂದು ತಕ್ಷಣ ತಿಳಿಯುತ್ತದೆ. ಡ್ರಾ-ಎ-ಬಾಕ್ಸ್ (Drawabox) ಎಂಬ ಆನ್‌ಲೈನ್ ಪಾಠದಲ್ಲಿ 250 ಪೆಟ್ಟಿಗೆಗಳನ್ನು ಬರೆಸಿ, ಹೀಗೆಯೇ ಅಂಚು ಬೆಳೆಸಿ ಪರೀಕ್ಷಿಸಲು ಹೇಳುತ್ತಾರೆ. ತನ್ನ ತಪ್ಪನ್ನು ತಾನೇ ಅಳೆಯಲು ಕಲಿತ ವಿದ್ಯಾರ್ಥಿಗೆ ಮೇಷ್ಟ್ರು ಪಕ್ಕದಲ್ಲೇ ಇರಬೇಕೆಂದಿಲ್ಲ, ಅದಕ್ಕೇ ಈ ಕ್ರಮ ನನಗೆ ತುಂಬ ಹಿಡಿಸಿದೆ.

ಒಂದು ಹಾಳೆಗೆ ಒಂದೇ ತಿದ್ದುಪಡಿ ಸಾಕು, ಹೆಚ್ಚೆಂದರೆ ಎರಡು. ಹತ್ತು ತಪ್ಪು ಎಣಿಸಿಕೊಂಡ ಮಗು ಹನ್ನೊಂದನೆಯ ಗೆರೆ ಎಳೆಯಲು ಅಂಜುತ್ತದೆ. ರಬ್ಬರನ್ನೂ ದೂರವಿಡಿಸಿ, ಅಳಿಸಿದ ತಪ್ಪನ್ನು ಯಾರೂ ತಿದ್ದಲಾರರು.

ವಾಟ್ಸಾಪಿನಲ್ಲಿ ಅಭ್ಯಾಸ ಕಳಿಸುವವರು ಕಿಟಕಿಯ ಬೆಳಕಿನಲ್ಲಿ, ಫೋನನ್ನು ಹಾಳೆಯ ನೇರ ಮೇಲೆ ಹಿಡಿದು ಫೋಟೋ ತೆಗೆಯಲಿ. ಓರೆಯಾಗಿ ತೆಗೆದರೆ ದುಂಡಗಿನ ವೃತ್ತವೂ ಚಪ್ಪಟೆಯಾಗಿ ಕಂಡು, ಇಲ್ಲದ ತಪ್ಪನ್ನು ತಿದ್ದಿದಂತಾಗುತ್ತದೆ.