ಪೊರೆಯ ಪಾಲೂ ಇದೆ

ಕೇಂಬ್ರಿಜ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ ಈಗ ಯೂಸುಫ್ ಹಮೀದ್ ಅವರ ಹೆಸರಿದೆ. ಸಿಪ್ಲಾ ಕಂಪನಿಯ ಹಮೀದ್ ಓದಿದ್ದೂ ಅಲ್ಲೇ. ಆ ವಿಭಾಗದಲ್ಲಿ ಅಡ್ಡಾದಿಡ್ಡಿ ಮಡಚಿಕೊಂಡ ಪ್ರೋಟೀನುಗಳ ಬೆನ್ನುಹತ್ತಿದ ಕೇಂದ್ರವೊಂದಿದೆ, ಸೆಂಟರ್ ಫಾರ್ ಮಿಸ್‌ಫೋಲ್ಡಿಂಗ್ ಡಿಸೀಸಸ್. ಕ್ರಿಸ್ಟೋಫರ್ ಡಾಬ್ಸನ್, ಮಿಕೆಲೆ ವೆಂಡ್ರುಸ್ಕೋಲೊ, ತುಓಮಾಸ್ ನೋಲ್ಸ್ ಸೇರಿ ಕಟ್ಟಿದ್ದು. ಡಾಬ್ಸನ್ 2019ರಲ್ಲಿ ತೀರಿಕೊಂಡರು. ಕೆಲಸ ನಡೆದೇ ಇದೆ.

ಇವರ ಮುಖ್ಯ ಪಾತ್ರಧಾರಿಗಳಲ್ಲಿ ಒಂದು ಆಲ್ಫಾ ಸಿನ್ಯೂಕ್ಲಿನ್. 140 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು ಇದು. ಪಾರ್ಕಿನ್ಸನ್ ರೋಗಿಗಳ ನರಕೋಶಗಳಲ್ಲಿ ಕಾಣುವ ಗಂಟುಗಳು ಮುಖ್ಯವಾಗಿ ಇದರಿಂದಲೇ ಆದವು ಎಂದು ಗೊತ್ತಾದದ್ದು 1997ರಲ್ಲಿ. ನೀರಿನಲ್ಲಿ ಇದಕ್ಕೆ ಗೊತ್ತಾದ ಆಕಾರವೇ ಇಲ್ಲ. ಜೀವಕೋಶದ ಪೊರೆಗೆ ತಾಗಿದೊಡನೆ ಸುರುಳಿ ಸುತ್ತಿಕೊಳ್ಳುತ್ತದೆ. ನರಕೋಶದ ತುದಿಯಲ್ಲಿ, ಸಂದೇಶ ಸಾಗಿಸುವ ಪೊರೆಚೀಲಗಳ ಮೈಮೇಲೆ ಕೂರುವುದು ಅದರ ಸಹಜ ಬದುಕು.

ಕೆಡುವುದೂ ಅಲ್ಲೇ. 2015ರಲ್ಲಿ ಕೇಂಬ್ರಿಜ್ ತಂಡ ಈ ಪ್ರೋಟೀನನ್ನು ಕೊಬ್ಬಿನ ಅತಿಸಣ್ಣ ಗುಳ್ಳೆಗಳ ಜೊತೆ ಬಿಟ್ಟು ನೋಡಿತು. ಹಾಲಿಗೆ ಹೆಪ್ಪು ಬಿದ್ದಂತಾಯಿತು: ಗಂಟು ಕಟ್ಟುವ ಪ್ರೋಟೀನು ಎಳೆಗಳ ಮೊದಲ ಮೊಳಕೆ ಹುಟ್ಟುವ ವೇಗ ಸಾವಿರ ಪಟ್ಟಿಗೂ ಮಿಕ್ಕಿತು. ಆದರೆ ಪೊರೆ ಧಾರಾಳವಾಗಿದ್ದರೆ ಪ್ರೋಟೀನು ಅದರ ಮೇಲೆ ಚೆದುರಿ ಸುಮ್ಮನಿರುತ್ತದೆ. ಪೊರೆ ಕಡಿಮೆ, ಪ್ರೋಟೀನು ಹೆಚ್ಚು ಆದಾಗಲೇ ರಗಳೆ. ಪೊರೆಯನ್ನು ಬರೀ ಖಳನಾಯಕ ಮಾಡಿಬಿಡುವ ಹಾಗಿಲ್ಲ.

ಹಾಗಾದರೆ ಮದ್ದು ಹಿಡಿಯಬೇಕಾದದ್ದು ಯಾರನ್ನು? ಪೊರೆಯೇ ಇಲ್ಲದ ಪ್ರನಾಳದಲ್ಲಿ ಪ್ರೋಟೀನನ್ನು ತಡೆದ ರಾಸಾಯನಿಕ, ಪೊರೆ ತುಂಬಿದ ಜೀವಕೋಶದಲ್ಲಿ ಕೈಕೊಡಬಹುದು. ಇದಕ್ಕೆ ಉತ್ತರವೊಂದು ಬಂದದ್ದು ಶಾರ್ಕ್‌ನಿಂದ. 1987ರಲ್ಲಿ ಆಫ್ರಿಕದ ಕಪ್ಪೆಯ ಚರ್ಮದಲ್ಲಿ ಸೂಕ್ಷ್ಮಾಣುನಾಶಕಗಳನ್ನು ಕಂಡಿದ್ದ ಮೈಕೇಲ್ ಜಾಸ್ಲಾಫ್, 1993ರಲ್ಲಿ ಚಿಕ್ಕ ಜಾತಿಯ ಶಾರ್ಕ್ ಒಂದರ ಅಂಗಾಂಶದಲ್ಲಿ ಸ್ಕ್ವಾಲಮೈನ್ ಎಂಬ ರಾಸಾಯನಿಕವನ್ನು ಪತ್ತೆಮಾಡಿದರು. (ಈಗ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸುತ್ತಾರೆ, ಶಾರ್ಕ್‌ಗಳು ನಿಶ್ಚಿಂತೆಯಿಂದಿರಬಹುದು.) ಅದರದು ಧನ ವಿದ್ಯುದಾವೇಶ, ಈ ಪೊರೆಗಳ ಹೊರಮೈಯದು ಋಣ. ಸ್ಕ್ವಾಲಮೈನ್ ಪೊರೆಗೆ ಅಂಟಿಕೊಂಡು ಆಲ್ಫಾ ಸಿನ್ಯೂಕ್ಲಿನನ್ನು ಎಬ್ಬಿಸಿ ಕಳಿಸುತ್ತದೆ. ಮೊಳಕೆಗೆ ನೆಲೆಯೇ ತಪ್ಪುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಪ್ರೋಟೀನನ್ನು ಅತಿಯಾಗಿ ತಯಾರಿಸುವಂತೆ ಮಾಡಿದ ಸೂಕ್ಷ್ಮ ಹುಳುಗಳಿಗೆ ಇದನ್ನು ಉಣಿಸಿದಾಗ ಅವುಗಳ ಲಕ್ವ ಕಡಿಮೆಯಾಯಿತು.

ಇದರ ಸೋದರ ಟ್ರೊಡುಸ್ಕ್ವಿಮಿನ್‌ನದು ಇನ್ನೂ ವಿಚಿತ್ರ ಕತೆ. ಆಲ್ಜೈಮರ್ಸ್‌ನ ಬೀಟಾ ಅಮೈಲಾಯ್ಡ್ ಪ್ರೋಟೀನು ಗಂಟುಕಟ್ಟುವುದನ್ನು ಅದು ತಡೆಯುವುದಿಲ್ಲ, ಬದಲಿಗೆ ಚುರುಕುಗೊಳಿಸುತ್ತದೆ. ಆದರೂ ವಿಷ ಇಳಿಯುತ್ತದೆ! ಹಾನಿಕಾರಕ ಸಣ್ಣ ಗುಂಪುಗಳು ಪೊರೆಯಿಂದ ಕಿತ್ತುಬರುತ್ತವೆ, ಅಷ್ಟೇ. ಗಂಟು ಕರಗಿತೇ ಎಂದಷ್ಟೇ ನೋಡಿ ಮದ್ದನ್ನು ಅಳೆಯುವವರು ಇದನ್ನು ಮೊದಲ ಸುತ್ತಿನಲ್ಲೇ ಎಸೆದಿರುತ್ತಿದ್ದರು.

ಸ್ಕ್ವಾಲಮೈನ್‌ನ ಲವಣ ಮನುಷ್ಯರನ್ನೂ ತಲುಪಿದೆ, ಮಿದುಳಿಗಲ್ಲ, ಕರುಳಿಗೆ. ಪಾರ್ಕಿನ್ಸನ್ ರೋಗಿಗಳನ್ನು ಕಾಡುವ ಮಲಬದ್ಧತೆಯ ಮೇಲೆ ಅಮೆರಿಕದ ಎಂಟೆರಿನ್ ಕಂಪನಿ ಪ್ರಯೋಗಿಸಿತು. ನುಂಗಿದ ಮಾತ್ರೆ ರಕ್ತಕ್ಕೆ ಅಷ್ಟಾಗಿ ಸೇರದೆ ಕರುಳಿನ ನರಗಳ ಮೇಲೆ ಕೆಲಸ ಮಾಡುತ್ತದೆ. 2022ರ ಫಲಿತಾಂಶದಂತೆ ಹೊಟ್ಟೆ ಸರಾಗವಾಯಿತು. ಕೈನಡುಕ ನಿಲ್ಲಿಸುವ ಮದ್ದು ಸಿಕ್ಕಿತೆಂದು ಇದನ್ನು ಓದಿಕೊಳ್ಳಬಾರದು.