ನಾರ್ವೆಯಲ್ಲಿ ಆರು ರಾತ್ರಿ

ಬೇಸಿಗೆಯ ರಜೆ ಬಂತೆಂದರೆ ಹೊರನಾಡಿನಲ್ಲಿರುವ ನಮ್ಮವರ ಮನಸ್ಸು ಊರ ಕಡೆಗೆ ಓಡುವುದು ಸಹಜ. ವರ್ಷವಿಡೀ ಕೂಡಿಟ್ಟ ರಜೆಯೆಲ್ಲ ಅಜ್ಜ-ಅಜ್ಜಿಯರ ಮನೆ, ಮದುವೆ-ಮುಂಜಿ, ಮನೆದೇವರ ದರ್ಶನ ಇವುಗಳಿಗೇ ಮುಡಿಪು. ಆದರೆ ಇತ್ತೀಚೆಗೆ ಅನೇಕ ಮನೆಗಳಲ್ಲಿ ಇನ್ನೊಂದು ಆಸೆಯೂ ಮೊಳೆತಿದೆ. ಒಮ್ಮೆಯಾದರೂ ಪರದೇಶ ನೋಡಿ ಬರಬೇಕು. ಅದೂ ತಂದೆ-ತಾಯಿಯರ ಕಾಲಲ್ಲಿ ಶಕ್ತಿ ಇರುವಾಗಲೇ ಅವರನ್ನು ಕರೆದೊಯ್ಯಬೇಕು ಎಂಬ ಆಸೆ. ಬೆಟ್ಟ, ನೀರು, ಹಿಮ ಇವೆಲ್ಲವನ್ನೂ ಒಂದೇ ಕಡೆ ಕಾಣಬಯಸುವವರ ಕಣ್ಣು ಯುರೋಪಿನ ಭೂಪಟದ ಮೇಲ್ತುದಿಯಲ್ಲಿರುವ ನಾರ್ವೆ ದೇಶಕ್ಕೆ ಹೋಗಿ ನಿಲ್ಲುತ್ತದೆ.

ಅಂಥ ಒಂದು ಕುಟುಂಬವನ್ನು ಕಣ್ಣೆದುರಿಗೆ ಇಟ್ಟುಕೊಂಡು ಈ ಲೇಖನವನ್ನು ಬರೆದಿದೆ. ಗಂಡ, ಹೆಂಡತಿ, ಶಾಲೆಗೆ ಹೋಗುವ ಒಂದು ಮಗು, ಎಪ್ಪತ್ತರ ಹತ್ತಿರದ ತಾಯಿ. ಕಚೇರಿಯಿಂದ ಸಿಕ್ಕುವ ರಜೆ ಹತ್ತು ದಿನ. ಹೋಗುವುದಕ್ಕೆ, ಬರುವುದಕ್ಕೆ, ಬಂದ ಮೇಲೆ ದಣಿವಾರಿಸಿಕೊಳ್ಳುವುದಕ್ಕೆ ಬೇಕಾದ ದಿನಗಳನ್ನು ಕಳೆದರೆ ಕೈಯಲ್ಲಿ ಉಳಿಯುವುದು ಆರು ರಾತ್ರಿ. ಖರ್ಚು ಮಾಡುವ ಹಣವೋ ನಾಲ್ಕಾರು ವರ್ಷ ಉಳಿಸಿದ್ದು. ತಾಯಿಯ ಮಟ್ಟಿಗಂತೂ ಇಂಥ ಪ್ರವಾಸ ಎರಡನೆಯ ಸಲ ಬರುವ ಭರವಸೆಯಿಲ್ಲ. ಹೀಗಿರುವಾಗ ಆ ಆರು ರಾತ್ರಿಗಳನ್ನು ಹೇಗೆ ಬಳಸಬೇಕೆಂಬುದು ಸಣ್ಣ ಪ್ರಶ್ನೆಯಲ್ಲ.

ಮೊದಲು ಭೂಪಟ ನೋಡಿರಿ

ನಾರ್ವೆಯ ಜನಸಂಖ್ಯೆ ಸುಮಾರು ೫೫ ಲಕ್ಷ. ನಮ್ಮ ಒಂದು ಬೆಂಗಳೂರಿಗಿಂತಲೂ ಕಡಿಮೆ. ಆದುದರಿಂದ ದೇಶವೂ ಚಿಕ್ಕದೆಂದು ಅನೇಕರು ಎಣಿಸುತ್ತಾರೆ. ಆದರೆ ದಕ್ಷಿಣದ ತುದಿಯಿಂದ ಉತ್ತರದ ತುದಿಗೆ ನೆಟ್ಟಗೆ ಅಳೆದರೂ ಅದರ ಉದ್ದ ೧,೭೦೦ ಕಿಲೋಮೀಟರಿಗೆ ಮಿಕ್ಕಿದೆ. ಮುಂಬಯಿಯಿಂದ ದಿಲ್ಲಿಗೆ ಹೋಗುವ ರೈಲುಹಾದಿಗಿಂತಲೂ ಹೆಚ್ಚು. ಓಸ್ಲೊ ನಗರದಿಂದ ಉತ್ತರ ಭೂಶಿರಕ್ಕೆ ರಸ್ತೆಯಿಂದ ಹೋದರೆ ಸುಮಾರು ೨,೦೦೦ ಕಿಲೋಮೀಟರು. ಪಶ್ಚಿಮದ ಬರ್ಗೆನ್ ಬಂದರಿನಿಂದ ಕರಾವಳಿಯುದ್ದಕ್ಕೂ ಊರೂರು ನಿಲ್ಲುತ್ತ ಈಶಾನ್ಯದ ಗಡಿಯವರೆಗೆ ಹೋಗುವ ಹಡಗಿನ ಸಾರಿಗೆ ೧೮೯೩ರಿಂದ ನಡೆದುಬಂದಿದೆ. ಹೋಗಿ ಮರಳಿ ಬರಲು ಅದಕ್ಕೆ ಹನ್ನೆರಡು ದಿನ ಬೇಕು.

ಆದರೂ ಒಂದು ವಾರದಲ್ಲಿ ಓಸ್ಲೊ, ಬರ್ಗೆನ್, ಲೋಫೋಟೆನ್ ದ್ವೀಪಗಳು, ಟ್ರೋಮ್ಸೊ, ಉತ್ತರ ಭೂಶಿರ ಎಲ್ಲವನ್ನೂ ಸೇರಿಸಿ ಪಟ್ಟಿ ಮಾಡುವವರಿದ್ದಾರೆ. ಅಂಥ ಪ್ರವಾಸದಲ್ಲಿ ಹೆಚ್ಚಾಗಿ ಕಾಣುವುದು ವಿಮಾನ ನಿಲ್ದಾಣ. ದಿನಕ್ಕೊಮ್ಮೆ ಗಂಟುಮೂಟೆ ಕಟ್ಟಿ ಬಿಚ್ಚುವುದರಲ್ಲಿ ಮೊದಲು ಸೋಲುವವರು ಹಿರಿಯರು ಮತ್ತು ಮಕ್ಕಳು. ಆದುದರಿಂದ ನಮ್ಮ ಸಲಹೆ ಇಷ್ಟೆ: ಆರು ರಾತ್ರಿಗಳಿಗೆ ಒಂದೇ ಹಾದಿ ಸಾಕು. ಓಸ್ಲೊದಲ್ಲಿ ಎರಡು, ಫ್ಲೋಮ್ ಎಂಬ ಹಳ್ಳಿಯಲ್ಲಿ ಎರಡು, ಬರ್ಗೆನ್‌ನಲ್ಲಿ ಎರಡು. ಉತ್ತರದ ಭಾಗವನ್ನು ಈ ಸಲ ಬಿಟ್ಟುಬಿಡಿರಿ. ಇದರಿಂದ ನಡುರಾತ್ರಿಯ ಸೂರ್ಯ ತಪ್ಪುವುದು ನಿಜ. ಅದು ನಮ್ಮ ಹಾದಿಯಿಂದ ಬಹಳ ಉತ್ತರಕ್ಕಷ್ಟೇ ಕಾಣುವಂಥದು.

ಯಾವ ತಿಂಗಳು ಲೇಸು?

ಇಲ್ಲಿ ಹೊರನಾಡಿನವರಿಗೆ ಒಂದು ಅನುಕೂಲವಿದೆ. ನಮ್ಮ ಮಕ್ಕಳ ಶಾಲೆಯ ರಜೆ ಏಪ್ರಿಲ್-ಮೇ ತಿಂಗಳಲ್ಲಿ. ನಾರ್ವೆಯವರು ತಮ್ಮ ರಜೆಯನ್ನು ಹೆಚ್ಚಾಗಿ ಜುಲೈಯಲ್ಲಿ ತೆಗೆದುಕೊಳ್ಳುತ್ತಾರೆ. ರಜೆಯ ಮೊದಲ ಭಾಗದಲ್ಲಿ ಎಂದಿನಂತೆ ಊರಿಗೆ ಹೋಗಿ ಹಿರಿಯರನ್ನು ಕಂಡು ಬಂದು, ಮೇ ಕೊನೆಯ ವಾರದಲ್ಲಿ ನಾರ್ವೆಗೆ ಹೊರಟರೆ ಎರಡೂ ಸಾಧಿಸುತ್ತದೆ. ಅಲ್ಲಿ ಜನಸಂದಣಿಯೂ ಕಡಿಮೆ. ಬೆಟ್ಟದ ಹಿಮ ಕರಗುವ ಕಾಲವಾದ್ದರಿಂದ ಜಲಪಾತಗಳು ತುಂಬಿ ಧುಮುಕುತ್ತವೆ. ಎತ್ತರದಲ್ಲಿ ಹಿಮ ಇನ್ನೂ ಉಳಿದಿರುತ್ತದೆ. ಮಳೆಯ ಊರೆಂದು ಹೆಸರಾದ ಬರ್ಗೆನ್‌ನಲ್ಲಿಯೂ ಮೇ ತಿಂಗಳು ವರ್ಷದ ಒಣ ತಿಂಗಳುಗಳಲ್ಲೊಂದು. ಮೇ ೧೭ ಆ ದೇಶದ ರಾಷ್ಟ್ರೀಯ ದಿನ. ೧೮೧೪ರಲ್ಲಿ ರಾಜ್ಯಾಂಗವಾದ ದಿನ. ಮಕ್ಕಳ ಮೆರವಣಿಗೆ ಚೆಂದ, ಆದರೆ ಅಂದು ಅಂಗಡಿಗಳು ಮುಚ್ಚಿರುತ್ತವೆಂಬುದು ನೆನಪಿರಲಿ.

ಆಗ ಓಸ್ಲೊದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ದಾಟಿದ ಮೇಲೆ. ಸೂರ್ಯಾಸ್ತದೊಳಗೆ ಉಣ್ಣುವ ನಮ್ಮ ಜೈನ ಬಾಂಧವರಿಗೆ ಇದಕ್ಕಿಂತ ಅನುಕೂಲದ ದೇಶ ಸಿಕ್ಕಲಾರದು. ದೀಪ ಹಚ್ಚಿದ ಮೇಲೆಯೇ ಉಣ್ಣುವವರು ಮಾತ್ರ ಹಸಿದುಕೊಂಡಿರಬೇಕಾದೀತು! ಮಲಗುವಾಗ ಕಣ್ಣಿಗೆ ಕಟ್ಟಿಕೊಳ್ಳಲು ಒಂದು ಕಪ್ಪು ಪಟ್ಟಿ ಜೊತೆಗಿರಲಿ.

ಓಸ್ಲೊ: ಎರಡು ರಾತ್ರಿ

ವಿಮಾನ ನಿಲ್ದಾಣದಿಂದ ನಗರಕ್ಕೆ ಎರಡು ಬಗೆಯ ರೈಲುಗಳಿವೆ. ವಿಶೇಷ ರೈಲಿಗಿಂತ ಸಾಮಾನ್ಯ ರೈಲು ಕೆಲವೇ ನಿಮಿಷ ಹೆಚ್ಚು ತೆಗೆದುಕೊಳ್ಳುತ್ತದೆ. ದರ ಸುಮಾರು ಅರ್ಧ. ಮೊದಲ ದಿನ ಹೆಚ್ಚೇನೂ ಬೇಡ. ೨೦೦೮ರಲ್ಲಿ ತೆರೆದ ಸಂಗೀತ ನಾಟಕಶಾಲೆ ನೀರಿನಂಚಿನಲ್ಲಿಯೇ ಇದೆ. ಅದರ ಬಿಳಿಯ ಚಾವಣಿ ನೆಲದಿಂದಲೇ ಇಳಿಜಾರಾಗಿ ಏರಿರುವುದರಿಂದ ಅದರ ಮೇಲೆ ನಡೆದಾಡಬಹುದು. ಮಳೆ ಬಿದ್ದರೆ ಜಾರುತ್ತದೆ, ಹಿರಿಯರ ಕೈ ಹಿಡಿದುಕೊಳ್ಳಿರಿ.

ಎರಡನೆಯ ದಿನ ಬೆಳಿಗ್ಗೆ ವೀಗೆಲಾಂಡ್ ಶಿಲ್ಪವನ. ಗುಸ್ತಾವ್ ವೀಗೆಲಾಂಡ್ (೧೮೬೯–೧೯೪೩) ಎಂಬ ಒಬ್ಬನೇ ಶಿಲ್ಪಿಯ ಇನ್ನೂರಕ್ಕೂ ಹೆಚ್ಚು ಕೃತಿಗಳು ಅಲ್ಲಿವೆ. ಹಸುಗೂಸಿನಿಂದ ಹಿಡಿದು ಮುಪ್ಪಿನ ದಂಪತಿಗಳವರೆಗೆ ಮನುಷ್ಯ ಬಾಳಿನ ಎಲ್ಲ ಅವಸ್ಥೆಗಳೂ ಕಲ್ಲಿನಲ್ಲಿ, ಕಂಚಿನಲ್ಲಿ ಮೂಡಿವೆ. ನಡುವೆ ೧೪ ಮೀಟರ್ ಎತ್ತರದ ಏಕಶಿಲಾ ಸ್ತಂಭದ ತುಂಬ ಒಬ್ಬರನ್ನೊಬ್ಬರು ಹಿಡಿದು ಮೇಲೇರುವ ೧೨೧ ಮಾನವ ರೂಪಗಳು. ಪ್ರವೇಶಧನವಿಲ್ಲ. ಮಧ್ಯಾಹ್ನ ಮಕ್ಕಳಿಗಾಗಿ ಫ್ರಾಮ್ ಎಂಬ ಹಡಗಿನ ಸಂಗ್ರಹಾಲಯ. ೧೯೧೧ರ ಡಿಸೆಂಬರ್ ೧೪ರಂದು ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ ಅಮುಂಡ್‌ಸೆನ್ ದಕ್ಷಿಣಕ್ಕೆ ಹೋದುದು ಈ ಹಡಗಿನಲ್ಲಿಯೇ. ಅದರ ಒಳಗೆ ಹೋಗಿ ನೋಡಬಹುದು. ನಗರಸಭೆಯ ಕಟ್ಟಡವನ್ನೂ ಕಾಣಿರಿ. ನೊಬೆಲ್ ಶಾಂತಿ ಪಾರಿತೋಷಕ ಕೊಡುವುದು ಅಲ್ಲಿ. ೨೦೧೪ರಲ್ಲಿ ನಮ್ಮ ಕೈಲಾಸ ಸತ್ಯಾರ್ಥಿಯವರು ಅದನ್ನು ಸ್ವೀಕರಿಸಿದುದೂ ಅಲ್ಲಿಯೇ.

ಫ್ಲೋಮ್: ಎರಡು ರಾತ್ರಿ

ಭೂಪಟದಲ್ಲಿ ಈ ಊರಿನ ಹೆಸರನ್ನು ಎ ಅಕ್ಷರದ ಮೇಲೆ ಸಣ್ಣ ಸೊನ್ನೆಯಿಟ್ಟು ಬರೆದಿರುತ್ತಾರೆ. ಆ ಅಕ್ಷರದ ಉಚ್ಚಾರ ‘ಓ’. ಫ್ಲಾಮ್ ಎಂದು ಓದದೆ ಫ್ಲೋಮ್ ಎಂದರೆ ಅಲ್ಲಿಯವರಿಗೆ ಕೂಡಲೆ ತಿಳಿಯುತ್ತದೆ.

ಮೂರನೆಯ ದಿನ ಓಸ್ಲೊದಿಂದ ಬರ್ಗೆನ್ ಕಡೆಗೆ ಹೋಗುವ ಬೆಳಗಿನ ರೈಲು ಹಿಡಿಯಬೇಕು. ೧೯೦೯ರಲ್ಲಿ ತೆರೆದ ಈ ಮಾರ್ಗ ಕಾಡು, ಕೆರೆ, ಹೊಲಗಳನ್ನು ದಾಟಿ ಮರವೊಂದೂ ಬೆಳೆಯದ ಹಿಮದ ಬಯಲಿಗೆ ಏರುತ್ತದೆ. ೧,೨೨೨ ಮೀಟರ್ ಎತ್ತರದ ಫಿನ್ಸೆ ನಿಲ್ದಾಣದಲ್ಲಿ ಮೇ ಕೊನೆಗೂ ಹಿಮ ಕಾಣಬಹುದು. ಸುಮಾರು ಐದು ತಾಸಿನ ಮೇಲೆ ಮಿರ್ದಾಲ್‌ನಲ್ಲಿ ಇಳಿದು ಫ್ಲೋಮ್‌ನ ಗಾಡಿಗೆ ಹತ್ತಬೇಕು.

ಈ ಗಾಡಿ ೮೬೬ ಮೀಟರ್ ಎತ್ತರದಿಂದ ಸಮುದ್ರಮಟ್ಟಕ್ಕೆ ಕೇವಲ ೨೦ ಕಿಲೋಮೀಟರುಗಳಲ್ಲಿ ಇಳಿಯುತ್ತದೆ. ಹುಬ್ಬಳ್ಳಿಯಿಂದ ಗೋವೆಗೆ ಹೋದವರು ಕ್ಯಾಸಲ್‌ರಾಕ್ ಘಟ್ಟವನ್ನು ಬಲ್ಲರು. ಅಲ್ಲಿ ೩೭ ಅಡಿ ಸಾಗಿದರೆ ಒಂದು ಅಡಿ ಇಳಿತ. ಇಲ್ಲಿ ೧೮ ಅಡಿಗೇ ಒಂದು ಅಡಿ. ದಾರಿಯಲ್ಲಿ ಇಪ್ಪತ್ತು ಸುರಂಗಗಳು. ಅವುಗಳಲ್ಲಿ ಹದಿನೆಂಟನ್ನು ಕೂಲಿಗಳು ಕೈಯಿಂದಲೇ ಕಡಿದರು. ೧೯೪೦ರಲ್ಲಿ ಉಗಿಯಂತ್ರದ ಗಾಡಿ ಓಡಿತು, ೧೯೪೪ರಲ್ಲಿ ವಿದ್ಯುತ್ತು ಬಂದಿತು. ನಡುವೆ ಕ್ಯೋಸ್‌ಫೊಸ್ಸೆನ್ ಜಲಪಾತದೆದುರು ಬೇಸಿಗೆಯಲ್ಲಿ ಗಾಡಿಯನ್ನು ನಿಲ್ಲಿಸಿ ಜನರನ್ನು ಇಳಿಯಗೊಡುತ್ತಾರೆ. ೨೫೩ ಮೀಟರಿನ ಜೋಗವನ್ನು ಕಂಡವರಿಗೆ ಇದರ ೯೩ ಮೀಟರ್ ಹೆಚ್ಚೆನಿಸದು. ಆದರೆ ದೂಧಸಾಗರದಂತೆ ಇದೂ ರೈಲಿನ ಮಗ್ಗುಲಿನಲ್ಲಿಯೇ ಧುಮುಕುತ್ತದೆ. ತುಂತುರು ಮುಖಕ್ಕೆ ಬಡಿಯುತ್ತದೆ.

ಹೆಚ್ಚಿನ ಪ್ರವಾಸಿಗಳು ಫ್ಲೋಮ್‌ನಲ್ಲಿ ಇಳಿದು, ಅರ್ಧ ತಾಸು ಅಂಗಡಿ ಸುತ್ತಿ, ಅದೇ ದಿನ ದೋಣಿ ಹಿಡಿದು ಬರ್ಗೆನ್ ಸೇರುತ್ತಾರೆ. ನಾವು ಹೇಳುವುದು, ಇಲ್ಲಿ ಎರಡು ರಾತ್ರಿ ಇರಿ ಎಂದು. ಸಂಜೆ ಕೊನೆಯ ದೋಣಿ ಹೋದ ಮೇಲೆ ಕಣಿವೆ ನಿಶ್ಶಬ್ದವಾಗುತ್ತದೆ. ನದಿಯ ದಡದ ಸಪಾಟು ಹಾದಿಯಲ್ಲಿ ಹಿರಿಯರೂ ತಿರುಗಾಡಬಹುದು. ೧೯೫೭ರ ಕಾಯದೆಯಂತೆ ಆ ದೇಶದ ಕಾಡು, ಬೆಟ್ಟ, ದಂಡೆಗಳಲ್ಲಿ ನಡೆದಾಡುವ ಹಕ್ಕು ಎಲ್ಲರಿಗೂ ಇದೆ. ಉತ್ತ ಹೊಲ ತುಳಿಯಬಾರದು, ಮನೆಯಂಗಳ ಹೊಗಬಾರದು, ಕಸ ಬಿಡಬಾರದು, ಇಷ್ಟೇ ನಿಯಮ. ನಡುವಿನ ದಿನ ಬಸ್ಸಿನಲ್ಲಿ ಸ್ಟೇಗಸ್ಟೈನ್ ನೋಟಕಟ್ಟೆಗೆ ಹೋಗಬಹುದು. ೬೫೦ ಮೀಟರ್ ಕೆಳಗೆ ನೀರು ಕನ್ನಡಿಯಂತೆ ಬಿದ್ದಿರುತ್ತದೆ.

ಐದನೆಯ ದಿನ ಬೆಳಿಗ್ಗೆ ದೋಣಿ. ಫ್ಯೋರ್ಡ್ ಎಂದರೆ ಏನೆಂದು ಮಗು ಕೇಳದೆ ಇರದು. ನಮ್ಮ ಶರಾವತಿ, ಕಾಳಿ ನದಿಗಳ ಅಳಿವೆಯಂತೆ ಇದು ಹೊಳೆ ಕಡಲಿಗೆ ಸೇರುವ ಜಾಗವಲ್ಲ. ಹಿಮಯುಗಗಳಲ್ಲಿ ದೊಡ್ಡ ಹಿಮನದಿಗಳು ನೆಲವನ್ನು ಉಜ್ಜಿ ಆಳವಾದ ಕಣಿವೆ ಕೊರೆದವು. ಹಿಮ ಕರಗಿದ ಮೇಲೆ ಕಡಲು ಒಳಗೆ ಬಂದಿತು. ಆದುದರಿಂದಲೇ ಇದರ ಬಾಯಿಯಲ್ಲಿ ಆಳ ಕಡಿಮೆ, ಒಳಗೆ ಹೆಚ್ಚು. ಸೊಗ್ನೆ ಫ್ಯೋರ್ಡ್ ಇನ್ನೂರು ಕಿಲೋಮೀಟರಿಗಿಂತ ಉದ್ದ, ೧,೩೦೦ ಮೀಟರಿನಷ್ಟು ಆಳ. ಅದರ ಒಂದು ಕವಲೇ ನಾವು ಹೋಗುವ ನೆರೋಯ್ ಫ್ಯೋರ್ಡ್. ಒಂದೆಡೆ ಅಗಲ ಬರೇ ೨೫೦ ಮೀಟರು. ಎರಡೂ ಕಡೆ ಕಡಿದಾದ ಬಂಡೆಯ ಗೋಡೆ. ೨೦೦೫ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ೨೦೧೮ರಿಂದ ಇಲ್ಲಿ ಹೊಗೆಯಿಲ್ಲದ, ಸದ್ದಿಲ್ಲದ ವಿದ್ಯುತ್ ದೋಣಿ ಓಡುತ್ತಿದೆ. ಎರಡು ತಾಸಿನ ಈ ಪ್ರಯಾಣದಲ್ಲಿ ಗಾಜಿನ ಒಳಗೆ ಬೆಚ್ಚಗೆ ಕುಳಿತೇ ನೋಡಬಹುದಾದ್ದರಿಂದ ಮೊಣಕಾಲು ನೋವಿನವರಿಗೂ ತೊಂದರೆಯಿಲ್ಲ. ದೋಣಿ ಗುಡ್ವಾಂಗೆನ್‌ನಲ್ಲಿ ಬಿಡುತ್ತದೆ. ಅಲ್ಲಿಂದ ವೊಸ್‌ಗೆ ಬಸ್ಸು, ವೊಸ್‌ನಿಂದ ಬರ್ಗೆನ್‌ಗೆ ರೈಲು.

ಬರ್ಗೆನ್: ಎರಡು ರಾತ್ರಿ

ಬರ್ಗೆನ್ ಹಳೆಯ ವ್ಯಾಪಾರದ ಊರು. ಜರ್ಮನ್ ವರ್ತಕರು ಶತಮಾನಗಳ ಕಾಲ ಇಲ್ಲಿ ಕೋಠಿ ಹಾಕಿಕೊಂಡು ಉತ್ತರದ ಒಣಮೀನನ್ನು ಕೊಂಡು ಧಾನ್ಯ ಮಾರಿದರು. ದಂಡೆಯ ಮೇಲಿನ ಅವರ ಮರದ ಮನೆಗಳ ಸಾಲಿಗೆ ಬ್ರಿಗ್ಗೆನ್ ಎಂದು ಹೆಸರು. ೧೭೦೨ರ ಬೆಂಕಿಯಲ್ಲಿ ಸುಟ್ಟರೂ ಹಳೆಯ ಮಾದರಿಯಲ್ಲಿಯೇ ಮತ್ತೆ ಕಟ್ಟಿದರು. ೧೯೧೮ರಿಂದ ಓಡುತ್ತಿರುವ ಹಗ್ಗದ ರೈಲಿನಲ್ಲಿ ೩೨೦ ಮೀಟರ್ ಎತ್ತರದ ಬೆಟ್ಟಕ್ಕೆ ಏರಿದರೆ ಇಡೀ ಊರು ಕಾಣುತ್ತದೆ. ಇಲ್ಲಿಯ ವಾರ್ಷಿಕ ಮಳೆ ೨,೨೦೦ ಮಿಲಿಮೀಟರಿಗೂ ಹೆಚ್ಚು. ಮಂಗಳೂರಿನವರು ಇದಕ್ಕೆ ನಕ್ಕಾರು. ಆದರೆ ಅಲ್ಲಿ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದು ಇಲ್ಲಿ ವರ್ಷವಿಡೀ ಹಂಚಿಕೊಂಡು ಬೀಳುತ್ತದೆ. ಗಾಳಿಗೆ ಕೊಡೆ ನಿಲ್ಲದು, ಮಳೆಯಂಗಿ ಬೇಕು. ಮರಳುವ ವಿಮಾನವನ್ನು ಬರ್ಗೆನ್‌ನಿಂದಲೇ ಹಿಡಿಯುವಂತೆ ಮೊದಲೇ ಟಿಕೆಟು ಮಾಡಿಸಿದರೆ ಓಸ್ಲೊಗೆ ಹಿಂದಿರುಗುವ ಒಂದು ದಿನ ಉಳಿಯುತ್ತದೆ.

ವೀಸಾ, ಖರ್ಚು, ಊಟ

ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿಲ್ಲ; ಆದರೆ ಶೆಂಗೆನ್ ಒಪ್ಪಂದದಲ್ಲಿದೆ. ಆ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ತಡವಾಗಬಾರದು. ದೊಡ್ಡವರ ಶುಲ್ಕ ೨೦೨೪ರ ಜೂನ್‌ನಿಂದ ೯೦ ಯುರೊ, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ ೪೫. ೩೦,೦೦೦ ಯುರೊ ವೆಚ್ಚ ಭರಿಸುವ ಆರೋಗ್ಯ ವಿಮೆ ಕಡ್ಡಾಯ. ಬ್ಯಾಂಕಿನ ಲೆಕ್ಕ, ಕಚೇರಿಯ ರಜೆಯ ಪತ್ರ, ವಸತಿಯ ಏರ್ಪಾಡು ಇವನ್ನು ಒಂದೇ ಕಡತದಲ್ಲಿಡಿರಿ. ವೀಸಾ ಕೈಗೆ ಬರುವ ಮುನ್ನ ಹಣ ಹಿಂದಕ್ಕೆ ಬಾರದ ಟಿಕೆಟು ಕೊಳ್ಳಬೇಡಿರಿ.

ದೇಶ ದುಬಾರಿ. ಒಂದು ಬಟ್ಟಲು ಕಾಫಿಗೇ ನಲವತ್ತು-ಐವತ್ತು ಕ್ರೋನರ್ ತೆರಬೇಕು. ಪೇಟೆಯಲ್ಲಿ ನಾಲ್ವರ ಊಟದ ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. ಉಪಾಯವೆಂದರೆ ಉಪಾಹಾರ ಸೇರಿದ ವಸತಿ ಅಥವಾ ಅಡಿಗೆಮನೆಯಿರುವ ಕೋಣೆ ಹಿಡಿಯುವುದು. ನಲ್ಲಿಯ ನೀರು ಶುದ್ಧ, ಬಾಟಲಿ ಕೊಳ್ಳುವ ಕಾರಣವಿಲ್ಲ. ಭಾನುವಾರ ಹೆಚ್ಚಿನ ದಿನಸಿ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ರೊಟ್ಟಿ, ಹಾಲು, ಆಲೂಗಡ್ಡೆ ತಂದಿಡಬೇಕು. ಸಸ್ಯಾಹಾರಿಗಳು ಅಲ್ಲಿಯ ಕಂದುಬಣ್ಣದ ಗಿಣ್ಣನ್ನು ರುಚಿ ನೋಡಲಿ. ಹಾಲೊಡಕನ್ನು ಬತ್ತಿಸಿ ಮಾಡಿದ ಅದರ ರುಚಿ ನಮ್ಮ ಖೋವಾಕ್ಕೆ ಹತ್ತಿರ. ಇಲ್ಲಿಂದ ಅವಲಕ್ಕಿ, ಚಟ್ನಿಪುಡಿ, ಕಟಕಲು ಜೋಳದ ರೊಟ್ಟಿ ಒಯ್ಯಬಹುದು. ಆದರೆ ಹಾಲಿನ ಪದಾರ್ಥ, ಮಾಂಸ ಇವನ್ನು ಪ್ರವಾಸಿಗಳು ತರಕೂಡದೆಂದು ಅಲ್ಲಿ ಕಟ್ಟಪ್ಪಣೆಯಿದೆ. ಧಾರವಾಡದ ಪೇಢೆ, ಬೆಳಗಾವಿಯ ಕುಂದಾ, ಮನೆಯ ತುಪ್ಪ ಇವೆಲ್ಲ ಮನೆಯಲ್ಲಿಯೇ ಉಳಿಯಲಿ.

ಉಡುಪಿನಲ್ಲಿ ಒಂದು ದಪ್ಪ ಕೋಟಿಗಿಂತ ಮೂರು ತೆಳುವಾದ ಅಂಗಿಗಳು ಮೇಲು. ಸೀರೆಯುಡುವ ಹಿರಿಯರು ಒಳಗೆ ಉಣ್ಣೆಯ ಉಡುಪು, ಕಾಲಿಗೆ ಉಣ್ಣೆಯ ಚೀಲ ಮತ್ತು ಜಾರದ ಬೂಟು ಹಾಕಿದರೆ ಸಾಕು. ಅವರ ನಿತ್ಯದ ಔಷಧಿಗಳು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಯೇ ಇರಲಿ.

ಪಟ್ಟಿಯನ್ನು ಅಂತಿಮಗೊಳಿಸುವ ಮುನ್ನ ಒಂದು ಸಂಜೆ ಮನೆಯವರೆಲ್ಲ ಕುಳಿತು ಪ್ರತಿ ದಿನದ ನಡಿಗೆ, ಮೆಟ್ಟಿಲು, ಕಾಯುವ ಹೊತ್ತು ಇವನ್ನು ಲೆಕ್ಕ ಮಾಡಿರಿ. ಇದನ್ನು ತಾಯಿ ಮಾಡಬಲ್ಲರೇ ಎಂದು ಅವರನ್ನೇ ಕೇಳಿರಿ. ಅವರಿಗೆ ಆಗದೆಂದ ದಿನವನ್ನು ಹೊಡೆದುಹಾಕಿ ಅಲ್ಲಿ ವಿಶ್ರಾಂತಿ ಎಂದು ಬರೆಯಿರಿ. ಹೋಗಿ ಬಂದ ಮೇಲೆ ನಿಮ್ಮ ಖರ್ಚಿನ ಲೆಕ್ಕವನ್ನೂ ಅನುಭವವನ್ನೂ ಈ ಪತ್ರಿಕೆಗೆ ಬರೆದು ಕಳಿಸಿದರೆ ಮುಂದಿನ ಬೇಸಿಗೆಯಲ್ಲಿ ಹೊರಡುವವರಿಗೆ ಉಪಕಾರವಾದೀತು.