ಕಾರಂತರ ಅಭಿಮನ್ಯುವೂ ಮೊಬೈಲಿನ ಬೀಗವೂ

ಕೋಟದ ಶಿವರಾಮ ಕಾರಂತರ ಹೆಸರು ಕೇಳದವರು ನಮ್ಮ ಶಾಲೆಯಲ್ಲಿ ಯಾರೂ ಇಲ್ಲ. ಆದರೆ ಅವರು ತೀರಿಕೊಂಡ ಮೇಲೆ ಅವರ ಯಕ್ಷಗಾನದ ವಿಷಯ ದಿಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು ಎಂಬುದು ಎಷ್ಟು ಜನರಿಗೆ ಗೊತ್ತುಂಟು? "ಆಟಕ್ಕೂ ಕೋರ್ಟಿಗೂ ಎಂತ ಸಂಬಂಧ ಮಾರಾಯ್ರೆ?" ಅಂತ ನೀವು ಕೇಳಬಹುದು. ಸಂಬಂಧ ಉಂಟು. ಅದಕ್ಕೆ ಕೃತಿಸ್ವಾಮ್ಯ, ಅಂದರೆ ಕಾಪಿರೈಟ್ ಎಂದು ಹೆಸರು.

ಕಾರಂತರು 1902ರಲ್ಲಿ ಕೋಟದಲ್ಲಿ ಹುಟ್ಟಿ 1997ರ ಡಿಸೆಂಬರ್ 9ರಂದು ತೀರಿಕೊಂಡರು. ಬೆಳಗಿನ ತನಕ ನಡೆಯುವ ಆಟವನ್ನು ಅವರು ಎರಡು ಮೂರು ಗಂಟೆಗೆ ಇಳಿಸಿದರು. ಮಾತುಗಾರಿಕೆ ತೆಗೆದು ಬರೀ ಹಾಡು, ಕುಣಿತ, ಅಭಿನಯದಲ್ಲೇ ಕಥೆ ಹೇಳಿಸಿದರು. ರಾಗ, ತಾಳ, ವೇಷಭೂಷಣ, ರಂಗದ ವ್ಯವಸ್ಥೆ ಎಲ್ಲದಕ್ಕೂ ಕೈ ಹಾಕಿದರು. (ಅರ್ಥ ಹೇಳುವುದನ್ನು ಕೇಳಲಿಕ್ಕೇ ಆಟಕ್ಕೆ ಹೋಗುವವರಿಗೆ ಇದು ಎಷ್ಟು ರುಚಿಸಿತೋ, ಅದು ಬೇರೆ ಮಾತು.) ಹೀಗೆ ಅವರು ರೂಪಿಸಿದ 'ಭೀಷ್ಮ ವಿಜಯ', 'ಪಂಚವಟಿ', 'ಅಭಿಮನ್ಯು ವಧೆ' ಮೊದಲಾದ 7 ಪ್ರಸಂಗಗಳೇ ಜಗಳದ ವಸ್ತು.

1994ರ ಜೂನ್ 18ರಂದು ಕಾರಂತರು ಉಯಿಲು ಬರೆದು ತಮ್ಮ ಕೃತಿಗಳ ಹಕ್ಕನ್ನು ತಮ್ಮ ಸಹಾಯಕಿಯಾಗಿದ್ದ ಮಾಲಿನಿ ಮಲ್ಯರಿಗೆ ಕೊಟ್ಟರು. 2001ರ ಸೆಪ್ಟೆಂಬರ್ 18ರಂದು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದಿಲ್ಲಿಯಲ್ಲಿ 'ಅಭಿಮನ್ಯು ವಧೆ'ಯನ್ನು ಆಡಿಸಿತು. ತಮ್ಮ ಅನುಮತಿ ಕೇಳಿಲ್ಲ ಎಂದು ಮಲ್ಯರು ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹಾಕಿದರು. ಅಲ್ಲಿ ಗೆದ್ದರು, ಹೈಕೋರ್ಟಿನಲ್ಲೂ ಗೆದ್ದರು. 2009ರ ಜನವರಿ 23ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು.

ತೀರ್ಪಿನಲ್ಲಿ ಎರಡು ಮಾತು ಮುಖ್ಯ. ಒಂದು, ಈ ಬ್ಯಾಲೆ ಸಾಹಿತ್ಯ ಕೃತಿಯಲ್ಲ, ನಾಟಕ ಕೃತಿ. ಆದರೂ "ಉಳಿದದ್ದೆಲ್ಲ ಇವರಿಗೆ" ಎಂಬ ಉಯಿಲಿನ ಕಲಮಿನಿಂದ ಹಕ್ಕು ಮಲ್ಯರದ್ದೇ. ಎರಡನೆಯದು ನಮ್ಮಂಥವರಿಗೆ ಸಂಬಂಧಪಟ್ಟದ್ದು. ಅಕಾಡೆಮಿಯ ಮೇಲೆ ತಡೆ ಇದ್ದರೂ ಕಾನೂನಿನ 52ನೇ ಕಲಮು ಕೊಡುವ ವಿನಾಯಿತಿಯನ್ನು ಯಾರೂ ಕಸಿದುಕೊಳ್ಳುವ ಹಾಗಿಲ್ಲ ಎಂದು ಕೋರ್ಟು ಹೇಳಿತು.

ಆ 52ನೇ ಕಲಮನ್ನು ಸ್ವಲ್ಪ ನಿಧಾನಕ್ಕೆ ನೋಡುವ. ಶಾಲೆಯ ಚಟುವಟಿಕೆಯಾಗಿ ಮಕ್ಕಳು, ಮಾಸ್ತರು ಸೇರಿ ಒಂದು ನಾಟಕ ಆಡಿದರೆ, ನೋಡುವವರು ಶಾಲೆಯವರು, ಹೆತ್ತವರು ಪೋಷಕರು ಮತ್ತು ಶಾಲೆಗೆ ಸಂಬಂಧಪಟ್ಟವರು ಮಾತ್ರ ಆಗಿದ್ದರೆ, ಅನುಮತಿ ಬೇಡ. ಊರಿನ ಹವ್ಯಾಸಿ ಸಂಘದವರು ಟಿಕೆಟ್ ಇಡದೆ ಆಡಿದರೂ, ದೇವಸ್ಥಾನದ ಸಹಾಯಾರ್ಥ ಆಡಿದರೂ ಬೇಡ. ಆದರೆ ವೃತ್ತಿ ಮೇಳದವರು ಹವ್ಯಾಸಿಗಳಲ್ಲ. ಅವರ ಹರಕೆ ಆಟಕ್ಕೆ ಟಿಕೆಟ್ ಇಲ್ಲದಿದ್ದರೂ ಈ ವಿನಾಯಿತಿಯೊಳಗೆ ಅವರು ಬರುವುದಿಲ್ಲ. ಸ್ವಂತ ಅಭ್ಯಾಸಕ್ಕೆ, ವಿಮರ್ಶೆಗೆ ಬೇಕಾದಷ್ಟು ನಕಲು ಮಾಡಲಿಕ್ಕೂ ಅವಕಾಶ ಉಂಟು. ಪಾಠಕ್ಕೋಸ್ಕರ ಮಾಸ್ತರು ನಕಲು ತೆಗೆಯಬಹುದು. ದಿಲ್ಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹಾಕಿದ ದಾವೆಯಲ್ಲಿ 2016ರಲ್ಲಿ ದಿಲ್ಲಿ ಹೈಕೋರ್ಟು ಇದನ್ನೇ ಎತ್ತಿ ಹಿಡಿಯಿತು.

ಇನ್ನೊಂದು ಮಾತು ಬಿಟ್ಟುಹೋಗಬಾರದು. ಅಭಿಮನ್ಯು ಯಾರ ಸೊತ್ತೂ ಅಲ್ಲ. ಮಹಾಭಾರತದ ಕಥೆ, ಬಡಗುತಿಟ್ಟಿನ ಹೆಜ್ಜೆ, ಪಾರ್ತಿಸುಬ್ಬ ದೇವಿದಾಸರ ಹಳೆಯ ಪದ್ಯಗಳು ಎಲ್ಲರಿಗೂ ಸೇರಿದವು. ಕಾರಂತರದ್ದು ಅವರು ಕೊಟ್ಟ ರೂಪ ಮಾತ್ರ. ಹಕ್ಕಿಗೆ ಕೊನೆಯೂ ಉಂಟು. ಕೃತಿಕಾರ ತೀರಿಕೊಂಡ ಮರುವರ್ಷದಿಂದ 60 ವರ್ಷ. ಕಾರಂತರ ಕೃತಿಗಳ ಲೆಕ್ಕದಲ್ಲಿ 2057ರ ಕೊನೆಯವರೆಗೆ.

ಈಗ ಬೀಗದ ವಿಷಯ. ಹಿಂದೆ ಆಟವನ್ನು ಕ್ಯಾಸೆಟ್ಟಿಗೆ ತುಂಬಿಸಿ, ಒಂದರಿಂದ ಇನ್ನೊಂದಕ್ಕೆ ನಕಲು ಮಾಡುತ್ತಿದ್ದರು. ನಾಲ್ಕನೇ ನಕಲಿಗೆ ಬರುವಾಗ ಭಾಗವತರ ಸ್ವರಕ್ಕಿಂತ ಗರಗರ ಸದ್ದೇ ಜಾಸ್ತಿ. ಡಿಜಿಟಲ್ ನಕಲು ಹಾಗಲ್ಲ, ಸಾವಿರನೆಯದೂ ಮೊದಲನೆಯದರ ಹಾಗೇ ಇರುತ್ತದೆ. ಅದಕ್ಕೇ ಕಂಪೆನಿಗಳು ಹೆದರಿ ಬೀಗ ಹಾಕಿದವು. ಪುಸ್ತಕವೋ ಸಿನಿಮಾವೋ ಇರುವ ಫೈಲನ್ನು ಗಣಿತದ ಲೆಕ್ಕದಿಂದ ಕಲಸಿ ಇಡುತ್ತಾರೆ. ಅದನ್ನು ಸರಿ ಮಾಡುವ ಕೀಲಿ ಅವರ ಆ್ಯಪಿನೊಳಗೆ ಮಾತ್ರ ಇರುತ್ತದೆ. ಹಣ ಕೊಟ್ಟವನು ಓದಬಹುದು, ಆದರೆ ಕೀಲಿ ಅವನ ಕೈಗೆ ಸಿಗುವುದಿಲ್ಲ.

ಕಳ್ಳತನ ತಡೆಯಲಿಕ್ಕೆ ಬೀಗ ಬೇಕು, ಸರಿ. ತೊಂದರೆ ಎಂತದೆಂದರೆ ಬೀಗಕ್ಕೆ 52ನೇ ಕಲಮು ಓದಲಿಕ್ಕೆ ಬರುವುದಿಲ್ಲ. ಎದುರಿಗೆ ನಿಂತವನು ಕಳ್ಳನೋ, ಪಾಠ ಮಾಡುವ ಮಾಸ್ತರೋ, ಪುಸ್ತಕವನ್ನು ಯಂತ್ರದಿಂದ ಓದಿಸಿ ಕೇಳುವ ಕುರುಡರೋ, ಅದಕ್ಕೆ ಎಲ್ಲರೂ ಒಂದೇ. 2009ರ ಜುಲೈಯಲ್ಲಿ ಅಮೆಜಾನ್ ಕಂಪೆನಿ ಜಾರ್ಜ್ ಆರ್ವೆಲ್‌ನ '1984' ಎಂಬ ಪುಸ್ತಕವನ್ನು ಗಿರಾಕಿಗಳ ಕಿಂಡಲ್ ಯಂತ್ರದಿಂದ ದೂರದಿಂದಲೇ ಅಳಿಸಿಬಿಟ್ಟಿತು. ಮಾರಾಟಕ್ಕೆ ಇಟ್ಟವರಿಗೆ ಹಕ್ಕಿರಲಿಲ್ಲ ಅಂತ ಕಾರಣ. ಹಣ ವಾಪಸು ಕೊಟ್ಟರು, ನಿಜ. ಆದರೆ ಪುಸ್ತಕದ ಅಂಗಡಿಯವರು ನಮ್ಮ ಮನೆಯ ಕಪಾಟು ತೆಗೆದು ಪುಸ್ತಕ ತಕೊಂಡು ಹೋದರೆ ನಾವು ಸುಮ್ಮನಿರುತ್ತೇವಾ?

ಅಮೆರಿಕದವರು 1998ರಲ್ಲೇ ಬೀಗ ಒಡೆಯುವುದರ ವಿರುದ್ಧ ಕಟ್ಟುನಿಟ್ಟಿನ ಕಾನೂನು ಮಾಡಿದರು. ನಮ್ಮಲ್ಲಿ 2012ರಲ್ಲಿ 65ಎ ಎಂಬ ಕಲಮು ಸೇರಿತು. ಕೃತಿಯ ಹಕ್ಕು ಮುರಿಯುವ ಉದ್ದೇಶದಿಂದ ಬೀಗ ಒಡೆದರೆ 2 ವರ್ಷದವರೆಗೆ ಜೈಲು ಮತ್ತು ದಂಡ. ಆದರೆ ಕಾನೂನು ಒಪ್ಪುವ ಕೆಲಸಕ್ಕಾಗಿ ಒಡೆದರೆ ತಪ್ಪಲ್ಲ. ಬೇರೆಯವರಿಗೆ ಒಡೆದುಕೊಟ್ಟವರು ಅವರ ಹೆಸರು, ವಿಳಾಸ ಬರೆದಿಟ್ಟುಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ನಮ್ಮ ಕಾನೂನೇ ಹೆಚ್ಚು ನ್ಯಾಯದ್ದು. ಆದರೂ ಒಂದು ಕೊರತೆ ಉಂಟು. ಬಾಗಿಲು ತೆಗೆಯಬಹುದು ಎನ್ನುತ್ತದೆ, ಕೀಲಿ ಕೊಡಿ ಎಂದು ಕಂಪೆನಿಗೆ ಹೇಳುವುದಿಲ್ಲ. ಬೀಗ ಒಡೆಯುವ ವಿದ್ಯೆ ನಮ್ಮಲ್ಲಿ ಎಷ್ಟು ಜನರಿಗೆ ಉಂಟು?

"ಹ್ವಾಯ್, ಇದೆಲ್ಲ ನಮ್ಗೆಂತಕೆ?" ಎನ್ನುವವರಿಗೆ: ವಾರ್ಷಿಕೋತ್ಸವದ ಆಟವನ್ನು ಮೊಬೈಲಿನಲ್ಲಿ ತೆಗೆದು ಯೂಟ್ಯೂಬಿಗೆ ಹಾಕುವವರು ನಾವೇ ಅಲ್ಲವಾ? ಶಾಲೆಯಂಗಳದಲ್ಲಿ ಆಡಲಿಕ್ಕೆ ಇರುವ ವಿನಾಯಿತಿ ಇಡೀ ಲೋಕಕ್ಕೆ ತೋರಿಸಲಿಕ್ಕೆ ಸಾಲದು. ಹಳೆಯ ಪ್ರಸಂಗವಾದರೆ ಹೆದರಿಕೆ ಇಲ್ಲ. ಇತ್ತೀಚಿನವರು ಬರೆದದ್ದಾದರೆ ಬರೆದವರನ್ನು ಕೇಳಬೇಕು, ಅವರಿಲ್ಲದಿದ್ದರೆ ಹಕ್ಕಿರುವವರನ್ನು. ಹೆಚ್ಚಿನವರು ನಮ್ಮ ಅಕ್ಕಪಕ್ಕದ ಊರಿನವರೇ, ಒಂದು ಕಾಗದ ಬರೆದರೆ ಆಯ್ತು. ತಾವಾಗಿಯೇ ಕೊಟ್ಟವರೂ ಇದ್ದಾರೆ. 'ಚಿರಸ್ಮರಣೆ' ಬರೆದ ನಿರಂಜನರ 55 ಪುಸ್ತಕಗಳನ್ನು 2014ರಲ್ಲಿ ಅವರ ಮನೆಯವರು ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಬರೆದವರ ಹೆಸರು ಹಾಕಿ, ಅದೇ ಪರವಾನಗಿ ಉಳಿಸಿಕೊಂಡು, ಅವುಗಳನ್ನು ಯಾರು ಬೇಕಾದರೂ ನಕಲು ಮಾಡಬಹುದು, ಹಂಚಬಹುದು.